ಒಂದೇ ಒಲೆ, ಎರಡು ತಟ್ಟೆ

ಪಥ್ಯದಲ್ಲಿರುವ ಅಜ್ಜ ಅಜ್ಜಿಯರು ರಜೆಗೆ ಬಂದ ಮೊಮ್ಮಗುವಿಗೆ ಏನು ಬಡಿಸಬೇಕು?

ಬೇಸಿಗೆ ರಜೆ ಶುರುವಾಯಿತೆಂದರೆ ಬೆಂಗಳೂರಿನಿಂದ ಹೊರಟ ರೈಲುಗಳು ಕಡೂರು, ಬೀರೂರುಗಳಲ್ಲಿ ಮಕ್ಕಳನ್ನು ಇಳಿಸತೊಡಗುತ್ತವೆ. ಬೀರೂರಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಕಡೆಗೆ, ಇನ್ನೊಂದು ತರೀಕೆರೆಯ ಕಡೆಗೆ. ಯಾವ ದಾರಿ ಹಿಡಿದರೂ ಕೊನೆಯಲ್ಲಿ ಒಬ್ಬರು ಅಜ್ಜಿಯೋ ತಾತನೋ ಕಾದಿರುತ್ತಾರೆ. ಮೊದಲು ಅವರಿಗೆ ಇದ್ದ ಯೋಚನೆ ಒಂದೇ, ಮಗುವಿಗೆ ಏನು ಮಾಡಿ ಬಡಿಸಲಿ ಎಂಬುದು. ಈಗ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. "ಡಾಕ್ಟರು ನನಗೆ ಅನ್ನ, ಮುದ್ದೆ ಕಡಿಮೆ ಮಾಡಿ ಅಂದಿದ್ದಾರೆ. ಮನೆಯಲ್ಲಿ ನಾವಿಬ್ಬರೇ ಇದ್ದಾಗ ಹೇಗೋ ನಡೆಯುತ್ತದೆ. ಮಗು ಬಂದಾಗ ಏನು ಮಾಡಲಿ? ನನ್ನ ಪಥ್ಯವನ್ನೇ ಅವನಿಗೂ ಬಡಿಸಲೇ, ಇಲ್ಲವೇ ಅವನಿರುವಷ್ಟು ದಿನ ನಾನೂ ಪಥ್ಯ ಬಿಟ್ಟುಬಿಡಲೇ?"

ಎರಡೂ ಬೇಡ. ಒಂದೇ ಒಲೆಯ ಮೇಲೆ ಬೆಂದ ಅಡಿಗೆಯನ್ನೇ ಇಬ್ಬರೂ ಉಣ್ಣಬಹುದು. ಬದಲಾಗಬೇಕಾದದ್ದು ಅಡಿಗೆಯಲ್ಲ, ತಟ್ಟೆಯಲ್ಲಿ ಬಡಿಸುವ ಪ್ರಮಾಣ. ಅದು ಹೇಗೆ, ಏಕೆ ಎಂಬುದನ್ನು ಈ ಪುಟಗಳಲ್ಲಿ ನೋಡೋಣ. ಈ ಪಥ್ಯಕ್ಕೂ ನೀವು ನುಂಗುವ ಮಾತ್ರೆಗೂ ಇರುವ ನಂಟನ್ನು ಮರೆತರೆ ಅಜ್ಜಿಗೂ ಅಪಾಯ, ಮಗುವಿಗೂ ಅಪಾಯ. ಆ ಭಾಗವನ್ನು ದಯವಿಟ್ಟು ಬಿಡದೆ ಓದಿ.

ಪಥ್ಯದ ಹಿಂದಿನ ಲೆಕ್ಕ

ನಾವು ತಿನ್ನುವ ಅನ್ನ, ಮುದ್ದೆ, ರೊಟ್ಟಿ, ಅವಲಕ್ಕಿ, ಆಲೂಗಡ್ಡೆ, ಸಕ್ಕರೆ, ಬೆಲ್ಲ, ಹಣ್ಣು ಇವೆಲ್ಲವುಗಳಲ್ಲಿ ಮುಖ್ಯವಾಗಿ ಇರುವುದು ಶರ್ಕರಪಿಷ್ಟ. ಡಾಕ್ಟರರ ಬಾಯಲ್ಲಿ ಇದು ಕಾರ್ಬೋಹೈಡ್ರೇಟು. ಜೀರ್ಣವಾದಾಗ ಇದು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿರುವ ಗ್ಲೂಕೋಸನ್ನು ಜೀವಕೋಶಗಳ ಒಳಕ್ಕೆ ಬಿಡಲು ಇನ್ಸುಲಿನ್ ಬೇಕು. ಅದನ್ನು ತಯಾರಿಸುವುದು ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ. ನಡುವಯಸ್ಸಿನ ನಂತರ ಬರುವ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಸಾಲದೆ ಹೋಗುತ್ತದೆ, ಅಥವಾ ಇದ್ದರೂ ಅದರ ಮಾತನ್ನು ಜೀವಕೋಶಗಳು ಕೇಳುವುದಿಲ್ಲ. ಗ್ಲೂಕೋಸು ರಕ್ತದಲ್ಲೇ ನಿಲ್ಲುತ್ತದೆ. ಒಳಗೆ ಬರುವ ಶರ್ಕರಪಿಷ್ಟವನ್ನೇ ಕಡಿಮೆ ಮಾಡಿದರೆ ಈ ಹೊರೆ ಇಳಿಯುತ್ತದೆ. ಕಡಿಮೆ ಪಿಷ್ಟದ ಪಥ್ಯದ ತರ್ಕ ಇಷ್ಟೇ.

ಈ ಕಾಯಿಲೆ ಎಷ್ಟು ಹರಡಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯ ವಿವರ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು ಸುಮಾರು 13.6 ಕೋಟಿ. ಅದೇ ತಂಡ 2025ರಲ್ಲಿ ನಮ್ಮ ಊಟದ ಲೆಕ್ಕವನ್ನೂ ಪ್ರಕಟಿಸಿತು. ಭಾರತೀಯರು ದಿನಕ್ಕೆ ಪಡೆಯುವ ಶಕ್ತಿಯಲ್ಲಿ ಸರಾಸರಿ ಶೇ. 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತದೆ. ಹಾಗಾಗಿ ವೈದ್ಯರು ಮೊದಲು ಕೈ ಹಾಕುವುದು ಅನ್ನದ ಗುಡ್ಡೆಗೆ.

ಎಷ್ಟು ಕಡಿಮೆ ಮಾಡಬೇಕು? ದಿನಕ್ಕೆ 130 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟ ಇದ್ದರೆ ಅದನ್ನು ಕಡಿಮೆ ಪಿಷ್ಟದ ಆಹಾರ ಎನ್ನುವುದು ರೂಢಿ. 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 23 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ವಿಮರ್ಶೆಯೊಂದು ಬಂತು. ಇಂಥ ಪಥ್ಯದಿಂದ ಆರು ತಿಂಗಳಲ್ಲಿ ಒಳ್ಳೆಯ ಫಲ ಸಿಕ್ಕಿತ್ತು. ಒಂದು ವರ್ಷ ಕಳೆಯುವ ಹೊತ್ತಿಗೆ ಆ ಲಾಭ ಬಹಳಮಟ್ಟಿಗೆ ಕರಗಿತ್ತು. ನಮ್ಮ ದೇಶದ ಊಟವನ್ನೇ ಲೆಕ್ಕ ಹಾಕಿ 2022ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕಿಂತ ಮೆದುವಾದ ದಾರಿ ತೋರಿಸಿತು. ಕಾಯಿಲೆ ಹೊಸದಾಗಿ ಪತ್ತೆಯಾದವರು ಶಕ್ತಿಯ ಅರ್ಧದಷ್ಟನ್ನು, ಅಂದರೆ ಶೇ. 49ರಿಂದ 54ರಷ್ಟನ್ನು ಮಾತ್ರ ಶರ್ಕರಪಿಷ್ಟದಿಂದ ಪಡೆದು, ಸಸಾರಜನಕವನ್ನು ಶೇ. 20ರ ಹತ್ತಿರಕ್ಕೆ ಏರಿಸಿದರೆ ಕಾಯಿಲೆ ಹಿಮ್ಮೆಟ್ಟುವ ಸಾಧ್ಯತೆ ಹೆಚ್ಚು ಎಂಬುದು ಅದರ ಸಾರ. ನಿಮಗೆ ಯಾವುದು ಸರಿ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ವರ್ಷಗಟ್ಟಲೆ ನಡೆಸಲಾಗುವ ಪಥ್ಯವೇ ಒಳ್ಳೆಯ ಪಥ್ಯ ಎಂಬುದನ್ನಂತೂ ಧೈರ್ಯವಾಗಿ ಹೇಳಬಹುದು. ಮೊಮ್ಮಗು ಬಂದೊಡನೆ ಮುರಿದುಬೀಳುವ ಪಥ್ಯ ಬಹಳ ದಿನ ನಿಲ್ಲುವುದಿಲ್ಲ.

ಅಜ್ಜಿಗೆ ಅಟ್ಟ, ಮಗುವಿಗೆ ನೆಲ

ಈಗ ಮಗುವಿನ ಕಡೆಗೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ಒಂದು ವರ್ಷ ದಾಟಿದ ಯಾರಿಗೇ ಆಗಲಿ ದಿನಕ್ಕೆ 130 ಗ್ರಾಂ ಶರ್ಕರಪಿಷ್ಟ ಬೇಕು. ಸಂಖ್ಯೆಯನ್ನು ಗಮನಿಸಿ. ಅಜ್ಜಿಯ ಪಥ್ಯದಲ್ಲಿ ಯಾವುದು ದಾಟಬಾರದ ಅಟ್ಟವೋ, ಮಗುವಿನ ಊಟದಲ್ಲಿ ಅದೇ ಕಾಲಿಡುವ ನೆಲ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕ್ಯಾಲೊರಿ ಬೇಕೆಂದು ಅದೇ ಸಂಸ್ಥೆ ಹೇಳುತ್ತದೆ. ಇದರಲ್ಲಿ ಅರ್ಧವಾದರೂ ಶರ್ಕರಪಿಷ್ಟದಿಂದ ಬರಲಿ ಎಂದರೆ 170 ಗ್ರಾಂ ಆಯಿತು.

ಇಷ್ಟು ಪುಟ್ಟ ಮೈಗೆ ಅಷ್ಟೇಕೆ? ಕಾರಣ ಮಿದುಳು. ದೊಡ್ಡವರಲ್ಲಿ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯ ಐದನೇ ಒಂದು ಪಾಲನ್ನು ಮಿದುಳು ತೆಗೆದುಕೊಳ್ಳುತ್ತದೆ. ಐದು ವರ್ಷದ ಆಸುಪಾಸಿನ ಮಗುವಿನಲ್ಲಿ ದಿನದ ಒಟ್ಟು ಶಕ್ತಿಯಲ್ಲೇ ಹತ್ತಿರಹತ್ತಿರ ಅರ್ಧ ಮಿದುಳಿಗೆ ಹೋಗುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆ ಮಿದುಳಿನ ಮುಖ್ಯ ಇಂಧನ ಗ್ಲೂಕೋಸ್. ಮಗುವಿನ ಇನ್ಸುಲಿನ್ ಸರಿಯಾಗಿದ್ದಾಗ ಒಂದು ತಟ್ಟೆ ಅನ್ನವನ್ನು ಅದರ ದೇಹ ಸಲೀಸಾಗಿ ನಿಭಾಯಿಸುತ್ತದೆ.

ಮಕ್ಕಳಿಗೂ ಪಿಷ್ಟ ಕಡಿಮೆ ಮಾಡುವ ಚಿಕಿತ್ಸೆ ಒಂದಿದೆ. ಔಷಧಿಗೆ ಬಗ್ಗದ ಕೆಲವು ಬಗೆಯ ಅಪಸ್ಮಾರಕ್ಕೆ 1921ರಿಂದಲೂ ಕೀಟೋಜೆನಿಕ್ ಆಹಾರ ಕೊಡುವ ಪದ್ಧತಿ ಉಂಟು. ಆದರೆ ಅದು ವೈದ್ಯರ ಮತ್ತು ಆಹಾರತಜ್ಞರ ಕಣ್ಗಾವಲಿನಲ್ಲಿ, ತೂಕ ಮಾಡಿ, ರಕ್ತಪರೀಕ್ಷೆ ಮಾಡುತ್ತ ನಡೆಯುವ ಚಿಕಿತ್ಸೆ. ಅಜ್ಜಿಮನೆಯಲ್ಲಿ ಮಾಡಿನೋಡುವ ಪ್ರಯೋಗವಲ್ಲ. ಮಗು ಸ್ವಲ್ಪ ದಪ್ಪಗಿದೆ ಎಂದು ಕಂಡರೂ ಅದರ ತಟ್ಟೆಯಿಂದ ಅನ್ನ ಕಿತ್ತುಕೊಳ್ಳಬೇಡಿ. ಬಿಸ್ಕತ್ತು, ಕುರುಕಲು ತಿಂಡಿ, ಬಾಟಲಿಯ ಪಾನೀಯ ಇವನ್ನು ಬಿಡಿಸಿ, ಓಡಾಡಲು ಬಿಡಿ.

ರಾಗಿಯ ವಿಷಯ

ಕಡೂರಿನ ಕಡೆ ಒಂದು ನಂಬಿಕೆ ಬಲವಾಗಿದೆ: ಸಕ್ಕರೆ ಕಾಯಿಲೆಯವರು ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕು, ಎಷ್ಟು ಉಂಡರೂ ಬಾಧೆಯಿಲ್ಲ. ಇದು ಅರ್ಧ ನಿಜ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ ಇದ್ದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಚೆನ್ನಾಗಿ ಬೇಯಿಸಿ ತಿರುವಿದಾಗ ಪಿಷ್ಟ ಬೇಗ ಜೀರ್ಣವಾಗುವ ಸ್ಥಿತಿಗೆ ಬರುತ್ತದೆ. ಎರಡು ದೊಡ್ಡ ಮುದ್ದೆ ಉಂಡವರ ಸಕ್ಕರೆ ಏರಿದರೆ ರಾಗಿಯನ್ನು ದೂರುವಂತಿಲ್ಲ, ಮುದ್ದೆಯ ಗಾತ್ರವನ್ನು ದೂರಬೇಕು. 40 ಗ್ರಾಂ ಹಿಟ್ಟಿನ ಒಂದು ಚಿಕ್ಕ ಮುದ್ದೆಯಲ್ಲಿ ಇರುವುದು ಸುಮಾರು 27 ಗ್ರಾಂ ಶರ್ಕರಪಿಷ್ಟ. ದಿನಕ್ಕೆ 130 ಗ್ರಾಂನ ಮಿತಿ ಇರುವವರ ಮಧ್ಯಾಹ್ನದ ಊಟದಲ್ಲಿ ಅದಕ್ಕೆ ಜಾಗವಿದೆ.

ಮೊಮ್ಮಗುವಿಗಾದರೋ ರಾಗಿ ಎರಡು ಕೈ ಎತ್ತಿ ಕೊಡಬೇಕಾದ ಧಾನ್ಯ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ ಬೇಕು. 50 ಗ್ರಾಂ ರಾಗಿ ಹಿಟ್ಟಿನ ಮುದ್ದೆ ಅಥವಾ ರೊಟ್ಟಿ ಮತ್ತು ಒಂದು ಲೋಟ ಹಾಲು ಕೊಟ್ಟರೆ ಅದರ ಮುಕ್ಕಾಲು ಪಾಲು ಸಿಕ್ಕಂತೆ. ಪಟ್ಟಣದ ಮಗುವಿಗೆ ಮುದ್ದೆ ನುಂಗಲು ಬಾರದಿದ್ದರೆ ಬೇಸರ ಬೇಡ. ನಿಂಬೆಹಣ್ಣಿನ ಗಾತ್ರದ ಪುಟ್ಟ ಉಂಡೆ ಮಾಡಿ ಸಾರಿನಲ್ಲಿ ಅದ್ದಿ ಕೊಡಿ, ಇಲ್ಲವೇ ಈರುಳ್ಳಿ ಹಾಕಿದ ರಾಗಿ ರೊಟ್ಟಿ, ರಾಗಿ ದೋಸೆ ಮಾಡಿ. ಸಂಜೆಗೆ ಹುರಿಹಿಟ್ಟನ್ನು ಹಾಲಿನಲ್ಲಿ ಕಲಸಿ ಚೂರು ಬೆಲ್ಲ ಹಾಕಿ ಕೊಟ್ಟರೆ ಪೊಟ್ಟಣದ ಪೌಷ್ಟಿಕ ಪುಡಿಗಳ ನೆನಪೂ ಆಗುವುದಿಲ್ಲ.

ಬಸ್ಸಾರು ಕಲಿಸುವ ಪಾಠ

ಒಂದೇ ಒಲೆಯ ಮೇಲೆ ಎರಡು ಬಗೆಯ ಊಟ ಹೇಗೆ ಸಾಧ್ಯ ಎಂದು ಕೇಳುವವರಿಗೆ ನಮ್ಮ ಬಸ್ಸಾರೇ ಉತ್ತರ. ದಂಟಿನ ಸೊಪ್ಪನ್ನೋ ನುಗ್ಗೆ ಸೊಪ್ಪನ್ನೋ ಹುರುಳಿ ಇಲ್ಲವೇ ಅಲಸಂದೆ ಕಾಳಿನ ಜೊತೆ ಬೇಯಿಸುತ್ತೀರಿ. ಕಟ್ಟನ್ನು ಬಸಿದು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಪಾತ್ರೆ ಒಂದು, ಪದಾರ್ಥ ಎರಡು.

ಈಗ ಬಡಿಸುವಾಗ ಪ್ರಮಾಣವನ್ನು ತಿರುವಿಹಾಕಿ. ಮಗುವಿನ ತಟ್ಟೆಯಲ್ಲಿ ಮುದ್ದೆ ಅಥವಾ ಅನ್ನ ಅರ್ಧ ಭಾಗ, ಸಾರು, ತುಪ್ಪ, ಎರಡು ಚಮಚ ಪಲ್ಯ. ಅಜ್ಜಿಯ ತಟ್ಟೆಯಲ್ಲಿ ಪಲ್ಯವೇ ಅರ್ಧ ಭಾಗ, ಒಂದು ಮೊಟ್ಟೆ ಅಥವಾ ಗಟ್ಟಿ ಮೊಸರು, ಬದಿಯಲ್ಲಿ ಚಿಕ್ಕ ಮುದ್ದೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ರುಚಿ ಉಣ್ಣುತ್ತಾರೆ. ಮಗುವಿಗೆ ಬೇರೆ, ನಿಮಗೆ ಬೇರೆ ಅಡಿಗೆ ಮಾಡಿ ಸುಸ್ತಾಗುವ ಪ್ರಮೇಯವೇ ಇಲ್ಲ.

ಇಲ್ಲೊಂದು ಎಚ್ಚರ. ಕಾಳು ಬೇಳೆಗಳೂ ಪಿಷ್ಟವಿಲ್ಲದವಲ್ಲ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕದ ಜೊತೆಗೆ 57 ಗ್ರಾಂ ಶರ್ಕರಪಿಷ್ಟವೂ ಇದೆ. ಆದರೆ ಅದು ನಿಧಾನವಾಗಿ ಜೀರ್ಣವಾಗುತ್ತದೆ. ಆದ್ದರಿಂದ ಪಥ್ಯದವರ ಪಲ್ಯದಲ್ಲಿ ಸೊಪ್ಪು ಮುಂದಿರಲಿ, ಕಾಳು ಹಿಂದಿರಲಿ.

ಮೂರು ಊರುಗಳ ಅಡಿಗೆಮನೆಯೂ ಇದಕ್ಕೆ ಅನುಕೂಲವಾಗಿಯೇ ಇದೆ. ಕಡೂರಿನ ಕಡೆ ತೆಂಗು, ರಾಗಿ, ಹುರುಳಿಗೆ ಬರವಿಲ್ಲ. ಅಜ್ಜಂಪುರದ ಕಡೆ ಈರುಳ್ಳಿಯೇ ಬೆಳೆ; ಸಣ್ಣಗೆ ಹೆಚ್ಚಿದ ಈರುಳ್ಳಿ ಧಾರಾಳವಾಗಿ ಬಿದ್ದರೆ ಮೊಟ್ಟೆಯ ಪಲ್ಯವಾಗಲಿ ಮೊಸರುಬಜ್ಜಿಯಾಗಲಿ ಹೊಟ್ಟೆ ತುಂಬಿಸುತ್ತದೆ. ಅಲ್ಲಿಯ ಆಲೂಗಡ್ಡೆಯನ್ನು ಮಾತ್ರ ತರಕಾರಿ ಎಂದು ಎಣಿಸಬೇಡಿ. ಪಥ್ಯದ ಲೆಕ್ಕದಲ್ಲಿ ಅದು ಅನ್ನದ ತಮ್ಮ. ತರೀಕೆರೆ ಮಲೆನಾಡಿನ ಅಂಚು. ಅಲ್ಲಿಯ ಕಡುಬು, ಅಕ್ಕಿ ರೊಟ್ಟಿ, ಬಾಳೆಹಣ್ಣು ಮಗುವಿಗೆ ಇರಲಿ; ಕೆಸುವಿನ ಸೊಪ್ಪು, ಬಾಳೆದಿಂಡು, ಎಳೆ ಸೌತೆ ಇಬ್ಬರಿಗೂ ಇರಲಿ.

ಒಂದು ದಿನದ ಊಟ

ಹೀಗೊಂದು ಕ್ರಮ ಇಟ್ಟುಕೊಳ್ಳಬಹುದು. ಮಗುವಿಗೆ ನಾಲ್ಕರಿಂದ ಎಂಟು ವರ್ಷ ಎಂದಿಟ್ಟುಕೊಳ್ಳೋಣ.

ಬೆಳಿಗ್ಗೆ: ಅಕ್ಕಿ ರೊಟ್ಟಿ ಅಥವಾ ರಾಗಿ ರೊಟ್ಟಿ, ಕಾಯಿ ಚಟ್ನಿ, ಮೊಟ್ಟೆ ಪಲ್ಯ ಅಥವಾ ತರಕಾರಿ ಪಲ್ಯ. ಮಗುವಿಗೆ ಒಂದೂವರೆ ರೊಟ್ಟಿ, ಹಾಲು. ನಿಮಗೆ ಅರ್ಧ ರೊಟ್ಟಿ, ಎರಡು ಪಾಲು ಪಲ್ಯ. ಮೊಟ್ಟೆ ತಿನ್ನದ ಮನೆಗಳಲ್ಲಿ ಹೆಸರುಬೇಳೆ ದೋಸೆ ಒಳ್ಳೆಯದು.

ಮಧ್ಯಾಹ್ನ: ಬಸ್ಸಾರು, ಪಲ್ಯ, ಮುದ್ದೆ, ಮಜ್ಜಿಗೆ, ಮೇಲೆ ಹೇಳಿದ ಪ್ರಮಾಣದಲ್ಲಿ.

ಸಂಜೆ: ಮಗುವಿಗೆ ಹುರಿಹಿಟ್ಟು, ಬಾಳೆಹಣ್ಣು ಅಥವಾ ಕಡಲೆಕಾಯಿ ಬೆಲ್ಲ. ನಿಮಗೆ ಒಂದು ಹಿಡಿ ಹುರಿದ ಕಡಲೆಕಾಯಿ, ಸೌತೆಕಾಯಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಪುಡಿ ಮಾಡಿ ಕೊಡಿ.

ರಾತ್ರಿ: ಮಗುವಿಗೆ ಬೇಳೆಸಾರು ಅನ್ನ, ತುಪ್ಪ, ಮೊಸರನ್ನ. ನಿಮಗೆ ಅದೇ ಸಾರು ಬಟ್ಟಲಲ್ಲಿ, ತರಕಾರಿ, ಮೊಸರು ಅಥವಾ ಪನೀರು, ವೈದ್ಯರು ಹೇಳಿದಷ್ಟು ಅನ್ನ.

ಊಟದ ಕ್ರಮದಲ್ಲೂ ಒಂದು ಗುಟ್ಟಿದೆ. ತರಕಾರಿ ಮತ್ತು ಸಸಾರಜನಕದ ಪದಾರ್ಥವನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರ ಸಕ್ಕರೆ ಕಡಿಮೆ ಏರುತ್ತದೆ ಎಂದು 2015ರಲ್ಲಿ ನ್ಯೂಯಾರ್ಕಿನ ಸಂಶೋಧಕರು ತೋರಿಸಿದರು. ನಮ್ಮ ಎಲೆಯೂಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬೀಳುವುದನ್ನು ನೆನಪಿಸಿಕೊಳ್ಳಿ. ಅದು ಬಿದ್ದ ಕೂಡಲೇ ತಿನ್ನಲು ಶುರುಮಾಡಿ. ಅನ್ನ ಬರುವವರೆಗೆ ಕಾಯಬೇಡಿ. ಉಂಡ ಮೇಲೆ ಮಗುವಿನ ಕೈ ಹಿಡಿದು ತೋಟದ ಬದುವಿನ ಮೇಲೋ ಕೆರೆ ಏರಿಯ ಮೇಲೋ ಹತ್ತು ಹದಿನೈದು ನಿಮಿಷ ನಡೆದರೆ ಸ್ನಾಯುಗಳು ಗ್ಲೂಕೋಸನ್ನು ಬಳಸಿಕೊಳ್ಳುತ್ತವೆ. ಇದಕ್ಕೆ ಮೊಮ್ಮಗುವಿಗಿಂತ ಒಳ್ಳೆಯ ಜೊತೆ ಸಿಗಲಾರದು.

ಬೆಲ್ಲ, ಮಾವು, ತಟ್ಟೆಯಲ್ಲಿ ಉಳಿದದ್ದು

ರಜೆಯ ತಿಂಗಳು ಮಾವು ಹಲಸಿನ ತಿಂಗಳೂ ಹೌದು. ಒಂದು ಸಾಧಾರಣ ಮಾವಿನ ಹಣ್ಣಿನಲ್ಲಿ 25ರಿಂದ 30 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಅಂದರೆ ಚಿಕ್ಕ ಮುದ್ದೆಗೆ ಸಮ. ಮಗು ಇಡೀ ಹಣ್ಣು ತಿನ್ನಲಿ. ನಿಮಗೆ ಆಸೆಯಾದರೆ ಎರಡು ಹೋಳು ತಿನ್ನಿ, ಆ ಹೊತ್ತಿನ ಮುದ್ದೆಯನ್ನು ಅಷ್ಟು ಕಿರಿದು ಮಾಡಿ. ಬೆಲ್ಲ ಸಕ್ಕರೆಯಲ್ಲ ಎಂಬ ಸಮಾಧಾನ ಬೇಡ. ರಕ್ತಕ್ಕೆ ಸೇರಿದ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲ. ಮಗುವಿಗೂ ಅದು ರುಚಿಗೆ ಬೇಕಾದಷ್ಟೇ ಇರಲಿ.

ಹಬ್ಬ ಬಂದು ಹೋಳಿಗೆ ಮಾಡಿದ ದಿನ? ಮನೆಯಲ್ಲಿ ಹೋಳಿಗೆ ಆಗಲಿ. ಕೋಸಂಬರಿ, ಪಲ್ಯ ಉಂಡ ಮೇಲೆ ಅರ್ಧ ಹೋಳಿಗೆ ತುಪ್ಪದೊಡನೆ ತಿಂದು, ಆ ದಿನ ಅನ್ನ ಬಿಡಿ. ಸಿಹಿ ಮತ್ತು ಅನ್ನ ಎರಡನ್ನೂ ತಿಂದಾಗಲೇ ಲೆಕ್ಕ ತಪ್ಪುವುದು.

ಇನ್ನು ಪಥ್ಯ ಮುರಿಯುವುದು ಎಲ್ಲಿ ಎಂದು ಹುಡುಕಿದರೆ ಸಾಮಾನ್ಯವಾಗಿ ಅಜ್ಜಿಯ ತಟ್ಟೆಯಲ್ಲಿ ಅಲ್ಲ, ಮಗುವಿನ ತಟ್ಟೆಯಲ್ಲಿ. ಮಗು ಅರ್ಧ ಉಂಡು ಎದ್ದು ಓಡುತ್ತದೆ. ಅನ್ನ ಚೆಲ್ಲಬಾರದು ಎಂದು ಬೆಳೆದ ಜೀವ ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಮೂರು ಹೊತ್ತು ನಾಲ್ಕು ನಾಲ್ಕು ತುತ್ತು ಎಂದರೆ ದಿನದ ಕೊನೆಗೆ ಒಂದು ಊಟವೇ ಆಯಿತು. ಇದಕ್ಕೆ ಮದ್ದು ಸುಲಭ. ಮಗುವಿಗೆ ಮೊದಲು ಸ್ವಲ್ಪವೇ ಬಡಿಸಿ, ಕೇಳಿದಾಗ ಮತ್ತೆ ಬಡಿಸಿ. ಉಳಿದದ್ದು ಹಟ್ಟಿಯ ಕರುವಿಗೋ ಅಂಗಳದ ಕೋಳಿಗೋ ಹೋಗಲಿ; ಅನ್ನ ವ್ಯರ್ಥವಾಗಲಿಲ್ಲ ಎಂದೇ ಲೆಕ್ಕ. ಬಲವಂತದಿಂದ ತುರುಕುವುದೂ ಬೇಡ. ಹಸಿವಾದ ಮಗು ಕೇಳಿ ಉಣ್ಣುತ್ತದೆ. ಊಟಕ್ಕೆ ಮುಂಚೆ ಬಿಸ್ಕತ್ತು, ಮತ್ತೆ ಮತ್ತೆ ಹಾಲು ಕೊಟ್ಟು ಹಸಿವು ಕೆಡಿಸಿದ್ದರೆ ಮಾತ್ರ ಉಣ್ಣುವುದಿಲ್ಲ. ಚಿಕ್ಕ ಮಕ್ಕಳಿಗೆ ಚಹಾ ಬೇಡವೇ ಬೇಡ; ಆಹಾರದ ಕಬ್ಬಿಣದ ಅಂಶವನ್ನು ಮೈ ಹೀರದಂತೆ ಅದು ತಡೆಯುತ್ತದೆ.

ಮಾತ್ರೆಯ ಎಚ್ಚರ

ಈ ಭಾಗವನ್ನು ಎರಡು ಸಲ ಓದಿ.

ಮೊದಲನೆಯದು ನಿಮ್ಮ ವಿಷಯ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಾಜೈಡ್ ಮೊದಲಾದ ಮಾತ್ರೆಗಳೂ ಇನ್ಸುಲಿನ್ ಚುಚ್ಚುಮದ್ದೂ ನೀವು ಉಂಡಿರಲಿ ಬಿಡಲಿ ಸಕ್ಕರೆಯನ್ನು ಇಳಿಸುತ್ತವೆ. ಮಾತ್ರೆಯ ಪ್ರಮಾಣ ಹಾಗೇ ಇಟ್ಟು ನೀವಾಗಿ ಅನ್ನ, ಮುದ್ದೆ ನಿಲ್ಲಿಸಿದರೆ, ಅಥವಾ ಮಗುವಿನ ಹಿಂದೆ ಓಡಾಡುತ್ತ ಮಾತ್ರೆ ನುಂಗಿ ತಿಂಡಿ ಮರೆತರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಎದೆ ಹೊಡೆತ, ಮಂಪರು, ತೊದಲು ಮಾತು ಇದರ ಗುರುತು. ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು, ನಂತರ ಊಟ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. 108ಕ್ಕೆ ಕರೆ ಮಾಡಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ತೆಗೆದುಕೊಳ್ಳುವವರು ಪಿಷ್ಟವನ್ನು ತೀರಾ ಇಳಿಸಿದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯವಿದೆ. ಆಗ ಸಕ್ಕರೆಯ ಸಂಖ್ಯೆ ತುಂಬ ಏರದೆಯೂ ವಾಂತಿ, ಹೊಟ್ಟೆನೋವು, ಏದುಸಿರು ಬರಬಹುದು. ಆದ್ದರಿಂದ ಪಥ್ಯ ಬದಲಿಸುವ ಮುನ್ನ ಮಾತ್ರೆಯ ಚೀಟಿ ಹಿಡಿದು ವೈದ್ಯರನ್ನು ಕಾಣಿ. ಮೂತ್ರಪಿಂಡದ ತೊಂದರೆ ಇರುವವರು ಮೊಟ್ಟೆ, ಕಾಳು, ಪನೀರು ಹೆಚ್ಚಿಸುವುದಕ್ಕೂ ಅವರ ಒಪ್ಪಿಗೆ ಬೇಕು.

ಎರಡನೆಯದು ಮಗುವಿನ ವಿಷಯ. ಮೇಲೆ ಹೇಳಿದ ಗ್ಲಿಮೆಪಿರೈಡ್ ಗುಂಪಿನ ಒಂದೇ ಒಂದು ಮಾತ್ರೆ ಚಿಕ್ಕ ಮಗುವಿನ ಹೊಟ್ಟೆ ಸೇರಿದರೆ ಅದರ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ತಕ್ಷಣವೇ ತಿಳಿಯುವುದಿಲ್ಲ, ಹಲವು ಗಂಟೆಗಳ ನಂತರ, ಮಗು ರಾತ್ರಿ ಮಲಗಿರುವಾಗಲೂ ಆಗಬಹುದು. ಮಗು ಮಾತ್ರೆ ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಚೆನ್ನಾಗಿ ಆಡಿಕೊಂಡಿದೆ ಎಂದು ಕಾಯದೆ, ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಕಿಟಕಿಯ ಗೂಡು, ದಿಂಬಿನ ಕೆಳಗೆ, ಸೆರಗಿನ ಗಂಟು, ಟೀವಿಯ ಪಕ್ಕ ಇವು ಮಾತ್ರೆ ಇಡುವ ಜಾಗಗಳಲ್ಲ. ಮಗು ಇರುವಷ್ಟು ದಿನ ಬೀಗವಿರುವ ಬೀರುವಿನಲ್ಲಿ ಇಡಿ. ಮಗುವಿನ ಮುಂದೆ ಮಾತ್ರೆಯನ್ನು ಪೆಪ್ಪರಮಿಂಟು ಎಂದು ತಮಾಷೆಗೂ ಕರೆಯಬೇಡಿ.

ಮಗುವಿಗೆ ಹೇಗೆ ಹೇಳುವುದು?

"ಅಜ್ಜೀ, ನೀನ್ಯಾಕೆ ಇಷ್ಟೇ ಇಷ್ಟು ಅನ್ನ ಹಾಕ್ಕೊಂಡೆ?" ಎಂದು ಮಗು ಕೇಳಿಯೇ ಕೇಳುತ್ತದೆ. "ಅನ್ನ ವಿಷ ಕಣೋ" ಎಂದೋ "ಅನ್ನ ತಿಂದರೆ ದಪ್ಪ ಆಗ್ತಾರೆ" ಎಂದೋ ಉತ್ತರಿಸಿದರೆ ಮಗು ಅದನ್ನು ತನಗೂ ಅನ್ವಯಿಸಿಕೊಳ್ಳುತ್ತದೆ. ಮರುದಿನ ತಟ್ಟೆ ತಳ್ಳಿದರೆ ಆಶ್ಚರ್ಯವಿಲ್ಲ. ಇದ್ದದ್ದನ್ನೇ ಸರಳವಾಗಿ ಹೇಳಿ: "ನನ್ನ ಮೈಗೆ ಅನ್ನ ಅರಗಿಸೋ ಶಕ್ತಿ ಕಮ್ಮಿಯಾಗಿದೆ ಕಂದ, ಅದಕ್ಕೆ ಡಾಕ್ಟರು ಸ್ವಲ್ಪ ತಿನ್ನು ಅಂದಿದಾರೆ. ನೀನು ಬೆಳೀಬೇಕಲ್ಲ, ನೀನು ಹೊಟ್ಟೆ ತುಂಬ ಉಣ್ಣು." ಐದಾರು ವರ್ಷದ ಮಗುವಿಗೆ ಇಷ್ಟು ಚೆನ್ನಾಗಿ ಅರ್ಥವಾಗುತ್ತದೆ. ಅಜ್ಜಿಗೆ ಬೆವರು ಬಂದು ಮಾತು ತೊದಲಿದರೆ ಸಕ್ಕರೆ ಡಬ್ಬಿ ತಂದುಕೊಡಬೇಕು, ಪಕ್ಕದ ಮನೆಯವರನ್ನು ಕೂಗಬೇಕು ಎಂಬುದನ್ನೂ ಕಲಿಸಿಡಿ. ಡಬ್ಬಿ ಮಗುವಿನ ಕೈಗೆಟುಕುವ ಕಡೆ ಇರಲಿ, ಮಾತ್ರೆ ಎಟುಕದ ಕಡೆ ಇರಲಿ.

ಕೆಲವು ಸಂದೇಹಗಳು

ಮೊಮ್ಮಗುವಿಗೇ ಸಕ್ಕರೆ ಕಾಯಿಲೆ ಇದ್ದರೆ ನನ್ನ ಪಥ್ಯ ಅದಕ್ಕೂ ಆಗುತ್ತದೆಯೇ?
ಆಗುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದು ಇನ್ಸುಲಿನ್ನೇ ತಯಾರಾಗದ ಒಂದನೇ ಬಗೆಯ ಕಾಯಿಲೆ. ಊಟಕ್ಕೆ ತಕ್ಕಂತೆ ಇನ್ಸುಲಿನ್ ಕೊಡುವ ಲೆಕ್ಕ ತಂದೆತಾಯಿಗೆ ಗೊತ್ತಿರುತ್ತದೆ. ಅದನ್ನು ಕಾಗದದ ಮೇಲೆ ಬರೆಸಿಕೊಂಡು ಅಕ್ಷರಶಃ ಪಾಲಿಸಿ. ಗಿಡಮೂಲಿಕೆ ಕೊಟ್ಟು ಇನ್ಸುಲಿನ್ ನಿಲ್ಲಿಸುವ ಮಾತು ಯಾರೇ ಆಡಲಿ, ಕಿವಿಗೊಡಬೇಡಿ. 1922ರಲ್ಲಿ ಇನ್ಸುಲಿನ್ ಬಳಕೆಗೆ ಬರುವ ಮುನ್ನ ಇಂಥ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ.

ಪಥ್ಯ ಎಂದು ಕಾಯಿ, ತುಪ್ಪ ಬೇಕಾದಷ್ಟು ತಿನ್ನಬಹುದೇ?
ಪಿಷ್ಟ ಇಳಿಸಿದಾಗ ಹೊಟ್ಟೆ ತುಂಬಲು ಸ್ವಲ್ಪ ಕೊಬ್ಬು ಬೇಕು. ಆದರೆ ಹೃದಯದ ತೊಂದರೆ, ಕೊಲೆಸ್ಟರಾಲ್ ಹೆಚ್ಚಿರುವವರು ಮಿತಿ ಕೇಳಿಕೊಳ್ಳಬೇಕು. ಮೊದಲು ತರಕಾರಿ, ಕಾಳು, ಮೊಸರು, ಕಡಲೆಕಾಯಿಯಿಂದ ಹೊಟ್ಟೆ ತುಂಬಿಸಿ.

ಮಗು ಇರುವ ತಿಂಗಳು ರಕ್ತಪರೀಕ್ಷೆ ಮಾಡಿಸಬೇಕೇ?
ಮನೆಯಲ್ಲಿ ಪರೀಕ್ಷಾ ಯಂತ್ರ ಇದ್ದರೆ ವಾರಕ್ಕೆರಡು ಸಲ ಖಾಲಿ ಹೊಟ್ಟೆಯಲ್ಲೂ ಊಟವಾದ ಎರಡು ಗಂಟೆಗೂ ನೋಡಿ ಬರೆದಿಡಿ. ಯಂತ್ರ ಇಲ್ಲದಿದ್ದರೆ ರಜೆಯ ನಡುವೆ ಒಮ್ಮೆಯಾದರೂ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿ.

ಕೊನೆಯದಾಗಿ, ಮಗು ಬರುವ ಮುನ್ನ ಮೂರು ಕೆಲಸ ಮುಗಿಸಿಕೊಳ್ಳಿ. ಮಾತ್ರೆಗಳನ್ನು ಬೀರುವಿಗೆ ಸೇರಿಸಿ ಬೀಗ ಹಾಕಿ. ನಿಮ್ಮ ಪಥ್ಯಕ್ಕೆ ತಕ್ಕಂತೆ ಮಾತ್ರೆಯ ಪ್ರಮಾಣ ಸರಿಯಿದೆಯೇ ಎಂದು ವೈದ್ಯರನ್ನು ಕೇಳಿ. ಮಗುವಿಗೆ ಯಾವುದು ಒಗ್ಗುವುದಿಲ್ಲ ಎಂಬುದನ್ನು ಸೊಸೆಯಿಂದಲೋ ಮಗಳಿಂದಲೋ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ನಿಶ್ಚಿಂತೆಯಿಂದ ಹಿಟ್ಟಿನ ಡಬ್ಬ ತೆಗೆಯಿರಿ. ಎಸರಿಗೆ ಇಬ್ಬರದೂ ಹಿಟ್ಟು ಒಟ್ಟಿಗೇ ಬೀಳಲಿ.